ಕಾಲುವೆಗೆ ಕಾವಲು ಯಾರು?

ಮ್ಯಾಂಚೆಸ್ಟರ್ ನಗರದ ನಡುಮಧ್ಯೆ ಡ್ಯೂಸಿ ಸ್ಟ್ರೀಟ್ ಎಂಬಲ್ಲಿ ಎರಡು ಹಳೆಯ ಕಾಲುವೆಗಳು ಕೂಡುತ್ತವೆ. ರಾತ್ರಿ ಅಲ್ಲಿ ತಂಗಿದ ದೋಣಿಯವರು ನಸುಕಿನಲ್ಲೇ ಎದ್ದು, ಚಹಾ ಕುಡಿದು, ಬೆಳಕು ಹರಿಯುತ್ತಲೇ ಹಗ್ಗ ಬಿಚ್ಚುತ್ತಾರೆ. ಮುಂದಿರುವುದು ಆಷ್ಟನ್ ಕಾಲುವೆ. ಸುಮಾರು ಆರು ಕಿಲೋಮೀಟರ್ ದಾರಿಯಲ್ಲಿ 18 ಲಾಕ್‌ಗಳನ್ನು ಏರಬೇಕು. ಐದಾರು ಗಂಟೆಯ ಕೆಲಸ. ಇಷ್ಟು ಬೇಗ ಹೊರಡುವುದು ಸೂರ್ಯೋದಯ ನೋಡುವ ಆಸೆಯಿಂದಲ್ಲ. ಹಳಬರು ಹೊಸಬರಿಗೆ ಹೇಳಿಕೊಡುತ್ತ ಬಂದಿರುವ ಕಾರಣ ಬಹಳ ಸರಳವಾದದ್ದು: ಕಲ್ಲೆಸೆಯುವ ಹುಡುಗರು ಬೆಳಿಗ್ಗೆ ಬೇಗ ಏಳುವುದಿಲ್ಲ.

ಈ ಮಾತನ್ನು ದೋಣಿಕಾರರು ನಗುತ್ತಲೇ ಹೇಳುತ್ತಾರೆ. ಆದರೆ ನಗುವಿನ ಹಿಂದೆ ಸಣ್ಣದೊಂದು ಅಳುಕೂ ಇದೆ. ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಸಾಗುವ ದೋಣಿಯಲ್ಲಿ ಕುಳಿತವನು ಓಡಿ ತಪ್ಪಿಸಿಕೊಳ್ಳುವಂತಿಲ್ಲ. ದಂಡೆಯ ಮೇಲೆ ನಡೆಯುತ್ತ ಬರುವ ಪುಂಡ ಹುಡುಗ ಬೇಕೆಂದರೆ ಗಂಟೆಗಟ್ಟಲೆ ಜತೆಯಲ್ಲೇ ಬರಬಲ್ಲ. ಕಾಲುವೆಗೆ ಬೇಲಿ ಹಾಕಿ, ಬಾಗಿಲು ಜಡಿದು, ಟಿಕೆಟ್ ಕೊಂಡವರನ್ನಷ್ಟೇ ಒಳಗೆ ಬಿಡೋಣವೆಂದರೆ ಅದು ಎಲ್ಲರ ಕಾಲುವೆಯಾಗಿ ಉಳಿಯುವುದಿಲ್ಲ. ಎಲ್ಲರಿಗೂ ತೆರೆದಿರುವ ಜಾಗವನ್ನು ಕಾಯುವುದು ಹೇಗೆ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಕಾಲುವೆಗಳು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಎದುರಿಸುತ್ತ ಬಂದಿವೆ.

ಗದ್ದೆಗಲ್ಲ, ಸರಕಿಗೆ

ನಮ್ಮಲ್ಲಿ ಕಾಲುವೆ ಎಂದರೆ ಗದ್ದೆಗೆ ನೀರು. ಮಂಡ್ಯದ ರೈತನಿಗೆ ವಿಶ್ವೇಶ್ವರಯ್ಯ ನಾಲೆ ಎಂದರೆ ಭತ್ತ, ಕಬ್ಬು. ಮಳೆಗೆ ಕೊರತೆಯಿಲ್ಲದ ಇಂಗ್ಲೆಂಡಿನಲ್ಲಿ ಕಾಲುವೆ ತೋಡಿದ್ದು ಸರಕು ಸಾಗಿಸುವುದಕ್ಕೆ. ಬ್ರಿಡ್ಜ್‌ವಾಟರಿನ ಡ್ಯೂಕ್ ಫ್ರಾನ್ಸಿಸ್ ಈಗರ್ಟನ್ ಎಂಬ ಜಮೀನ್ದಾರನಿಗೆ ವರ್ಸ್ಲಿ ಎಂಬಲ್ಲಿ ಕಲ್ಲಿದ್ದಲು ಗಣಿಗಳಿದ್ದವು. ಕಲ್ಲಿದ್ದಲನ್ನು ಕೆಸರು ರಸ್ತೆಯಲ್ಲಿ ಮ್ಯಾಂಚೆಸ್ಟರಿಗೆ ಸಾಗಿಸುವ ಖರ್ಚು ವಿಪರೀತವಾಗಿತ್ತು. ಆತ ಜೇಮ್ಸ್ ಬ್ರಿಂಡ್ಲಿ ಎಂಬ, ಹೆಚ್ಚು ಓದುಬರಹ ಬಾರದ ಎಂಜಿನಿಯರನನ್ನು ಹಿಡಿದು ಕಾಲುವೆ ತೋಡಿಸಿದ. 1761ರಲ್ಲಿ ಅದು ತೆರೆಯಿತು. ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು.

ಲೆಕ್ಕ ಸುಲಭ. ರಸ್ತೆಯ ಮೇಲೆ ಒಂದೆರಡು ಟನ್ ಎಳೆಯಲು ತಿಣುಕುವ ಕುದುರೆ, ನೀರಿನ ಮೇಲೆ ತೇಲುವ ದೋಣಿಯಲ್ಲಿ ಸುಮಾರು 25 ಟನ್ ಎಳೆಯಬಲ್ಲದು. ಆ ಕುದುರೆ ನಡೆಯಲೆಂದು ಕಾಲುವೆಯ ಉದ್ದಕ್ಕೂ ಮಾಡಿದ ದಂಡೆಯ ದಾರಿಯೇ ಇಂದು ವಾಯುವಿಹಾರದವರು, ಸೈಕಲಿನವರು, ಗಾಳ ಹಾಕುವವರು ಹಾಗೂ ತರಲೆ ಹುಡುಗರು ಓಡಾಡುವ ದಾರಿ. 1790ರ ದಶಕದಲ್ಲಿ ಹಣವಿದ್ದವರೆಲ್ಲ ಕಾಲುವೆ ಕಂಪೆನಿಗಳ ಷೇರಿಗೆ ಮುಗಿಬಿದ್ದರು. ಆ ಹುಚ್ಚಿನ ಕಾಲಕ್ಕೆ 'ಕಾಲುವೆ ಉನ್ಮಾದ' ಎಂದೇ ಹೆಸರು. ಆಷ್ಟನ್ ಕಾಲುವೆಗೆ ಪಾರ್ಲಿಮೆಂಟಿನ ಒಪ್ಪಿಗೆ ಸಿಕ್ಕಿದ್ದು ಆಗಲೇ, 1792ರಲ್ಲಿ.

ಖರ್ಚು ಮತ್ತು ನೀರು ಎರಡನ್ನೂ ಉಳಿಸಲು ಮಧ್ಯ ಇಂಗ್ಲೆಂಡಿನ ಬಹುತೇಕ ಕಾಲುವೆಗಳನ್ನು ಇಕ್ಕಟ್ಟಾಗಿಯೇ ಕಟ್ಟಿದರು. ಲಾಕ್‌ಗಳ ಅಗಲ ಕೇವಲ ಏಳು ಅಡಿ. ಅದರಲ್ಲಿ ನುಸುಳುವ ದೋಣಿಯ ಅಗಲ ಆರು ಅಡಿ ಹತ್ತು ಅಂಗುಲ, ಉದ್ದ ಮಾತ್ರ 70 ಅಡಿಯವರೆಗೂ ಹೋಗುತ್ತದೆ. ನ್ಯಾರೋಬೋಟ್ ಎಂದು ಹೆಸರಾದ ಈ ದೋಣಿ ನೋಡಲು ನೀರಿನ ಮೇಲೆ ತೇಲುವ ರೈಲುಡಬ್ಬಿಯಂತಿರುತ್ತದೆ. ಇಂದಿನ ಉಕ್ಕಿನ ದೋಣಿಗಳ ತೂಕ 15ರಿಂದ 20 ಟನ್. ಅದಕ್ಕೆ ಬ್ರೇಕಿಲ್ಲ. ನಿಲ್ಲಿಸಬೇಕೆಂದರೆ ಎಂಜಿನ್ನನ್ನು ಹಿಮ್ಮುಖ ತಿರುಗಿಸಿ ಕಾಯಬೇಕು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಗಂಟೆಗೆ ನಾಲ್ಕು ಮೈಲಿ, ಅಂದರೆ ಆರೂವರೆ ಕಿಲೋಮೀಟರಿನ ಒಳಗಿನ ವೇಗವೇ ಮಿತಿ. ಇದನ್ನು ನಡೆಸಲು ವ್ಯಕ್ತಿಗೆ ಲೈಸೆನ್ಸ್ ಬೇಕಿಲ್ಲ. ದೋಣಿಗೆ ಮಾತ್ರ ಲೈಸೆನ್ಸ್, ವಿಮೆ ಮತ್ತು ಸುರಕ್ಷತಾ ಪ್ರಮಾಣಪತ್ರ ಇರಬೇಕು.

ನೀರಿನ ಮೆಟ್ಟಿಲು

ಕಾಲುವೆಯಲ್ಲಿ ಆಗುವ ಕಿಡಿಗೇಡಿತನ ಅರ್ಥವಾಗಬೇಕಾದರೆ ಮೊದಲು ಲಾಕ್ ಅರ್ಥವಾಗಬೇಕು. ನೀರು ಗುಡ್ಡ ಹತ್ತುವುದಿಲ್ಲ, ದೋಣಿ ಹತ್ತಬೇಕು. ಅದಕ್ಕಾಗಿ ಕಟ್ಟಿದ ಮೆಟ್ಟಿಲೇ ಲಾಕ್. ಎರಡು ತುದಿಗೂ ಭಾರವಾದ ಬಾಗಿಲುಳ್ಳ ಕಲ್ಲಿನ ದೊಡ್ಡ ತೊಟ್ಟಿ ಎಂದುಕೊಂಡರೆ ಸಾಕು. ಬಾಗಿಲುಗಳ ಬಳಿ ನೀರು ಬಿಡಲು, ಹಿಡಿಯಲು ನಮ್ಮ ಕೆರೆಗಳಿಗಿರುವಂಥ ತೂಬುಗಳಿವೆ.

ಮೇಲೆ ಹೋಗುವ ದೋಣಿ ಕೆಳಗಿನ ಬಾಗಿಲಿನಿಂದ ಖಾಲಿ ತೊಟ್ಟಿಯೊಳಗೆ ಬರುತ್ತದೆ. ಹಿಂದಿನ ಬಾಗಿಲು ಮುಚ್ಚುತ್ತಾರೆ. ಒಬ್ಬರು ದಂಡೆಗೆ ಹಾರಿ, ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿಕೆಯನ್ನು ಹಲ್ಲುಗಾಲಿಗೆ ಸಿಕ್ಕಿಸಿ ತಿರುಗಿಸಿ ಮೇಲಿನ ತೂಬು ಎತ್ತುತ್ತಾರೆ. ನೀರು ನುಗ್ಗಿ ತೊಟ್ಟಿ ತುಂಬುತ್ತದೆ, ದೋಣಿ ಮೇಲೇಳುತ್ತದೆ. ಒಳಗಿನ ನೀರೂ ಮೇಲಿನ ನೀರೂ ಒಂದೇ ಮಟ್ಟಕ್ಕೆ ಬಂದಾಗ, ಬಾಗಿಲಿಗೆ ಜೋಡಿಸಿದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳಿದರೆ ಬಾಗಿಲು ತೆರೆಯುತ್ತದೆ. ಮಟ್ಟ ಸಮವಾಗುವವರೆಗೆ ಹತ್ತು ಜನ ತಳ್ಳಿದರೂ ಅಲುಗುವುದಿಲ್ಲ. ಪಂಪು ಬೇಡ, ವಿದ್ಯುತ್ತು ಬೇಡ. ಆದರೆ ಪ್ರತಿ ಸಲವೂ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ತೂಬು ಇಳಿಸಿ, ಬಾಗಿಲು ಮುಚ್ಚಿ ಹೋಗುವುದು ದೋಣಿಕಾರನ ಮೊದಲ ಧರ್ಮ.

ಕೆಳಕ್ಕೆ ಇಳಿಯುವಾಗ ಇನ್ನೊಂದು ಎಚ್ಚರ ಬೇಕು. ಮೇಲಿನ ಬಾಗಿಲಿನ ಬುಡದಲ್ಲಿ ನೀರಿನೊಳಗೆ ಕಲ್ಲಿನ ಹೊಸ್ತಿಲು ಚಾಚಿಕೊಂಡಿರುತ್ತದೆ. ತೊಟ್ಟಿ ಖಾಲಿಯಾಗುತ್ತ ಹೋದಾಗ ದೋಣಿಯ ಹಿಂಭಾಗ ಆ ಹೊಸ್ತಿಲಿನ ಮೇಲೆ ಸಿಕ್ಕಿಕೊಂಡರೆ, ಮುಂಭಾಗ ಮಾತ್ರ ನೀರಿನೊಡನೆ ಕೆಳಗಿಳಿದು ದೋಣಿ ಓರೆಯಾಗಿ ಮುಳುಗುತ್ತದೆ. ಹೊಸ್ತಿಲು ಎಲ್ಲಿಯವರೆಗೆ ಇದೆ ಎಂದು ತೋರಿಸಲು ಪಕ್ಕದ ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಆ ಗೆರೆಯಿಂದ ಮುಂದಕ್ಕೆ ನಿಲ್ಲಬೇಕು. ದೋಣಿ ಸಿಕ್ಕಿಕೊಂಡಿತೆಂದು ಕಂಡ ತಕ್ಷಣ ಕೆಳಗಿನ ತೂಬು ಮುಚ್ಚಬೇಕು.

ರಾತ್ರಿ ತೂಬು ತೆರೆದರೆ

ಇಷ್ಟೆಲ್ಲ ನಡೆಯುವುದು ಒಂದು ಹಿಡಿಕೆಯಿಂದ. ಆ ಹಿಡಿಕೆ ಯಾರ ಕೈಗೂ ಸಿಗಬಹುದು. ದೋಣಿ ಸಾಮಗ್ರಿಯ ಅಂಗಡಿಗಳಲ್ಲಿ ಮಾರುತ್ತಾರೆ. ರಾತ್ರಿ ಯಾರೋ ತಮಾಷೆಗೆಂದು ಲಾಕಿನ ಎರಡು ಕಡೆಯ ತೂಬುಗಳನ್ನೂ ಎತ್ತಿಟ್ಟು ಹೋದರೆ, ಎರಡು ಲಾಕ್‌ಗಳ ನಡುವೆ ನಿಂತ ನೀರೆಲ್ಲ ಬೆಳಗಾಗುವಷ್ಟರಲ್ಲಿ ಇಳಿದುಹೋಗಿರುತ್ತದೆ. ಅಲ್ಲಿ ತಂಗಿದ್ದ ದೋಣಿ ಕೆಸರಿನಲ್ಲಿ ವಾಲಿಕೊಂಡಿರುತ್ತದೆ. ಒಳಗೆ ಮಲಗಿದ್ದವರು ಮಂಚದಿಂದ ಉರುಳಿ ಎಚ್ಚರಗೊಳ್ಳುತ್ತಾರೆ. ಹಗ್ಗ ಬಿಗಿಯಾಗಿ ಕಟ್ಟಿದ್ದರೆ ದೋಣಿ ದಂಡೆಗೆ ನೇತುಬೀಳುವ ಅಪಾಯವೂ ಉಂಟು. ಮೀನುಗಳು ಸಾಯುತ್ತವೆ. ಮೇಲಿನಿಂದ ನೀರು ಬಿಟ್ಟು ಮತ್ತೆ ತುಂಬಿಸುವವರೆಗೆ ಆ ದಾರಿಯಲ್ಲಿ ಒಂದು ದೋಣಿಯೂ ಚಲಿಸುವಂತಿಲ್ಲ. ಬೇಸಿಗೆಯಲ್ಲಿ ಮೇಲಿನ ಕೆರೆಯಲ್ಲೇ ನೀರು ಕಡಿಮೆಯಿದ್ದರೆ ಈ ತಮಾಷೆಯ ಬೆಲೆ ಇನ್ನೂ ಹೆಚ್ಚು.

ಅದಕ್ಕೇ ನಗರದೊಳಗಿನ ಅನೇಕ ಲಾಕ್‌ಗಳಲ್ಲಿ ತೂಬಿನ ಯಂತ್ರಕ್ಕೆ ಬೀಗ ಹಾಕಿರುತ್ತಾರೆ. ಅದನ್ನು ತೆಗೆಯಲು ಬೇಕಾದ ಕೀಲಿಯನ್ನು ದೋಣಿಕಾರರು 'ಕೈಕೋಳದ ಕೀಲಿ' ಎನ್ನುತ್ತಾರೆ. ಅದಕ್ಕೆ 'ನೀರು ಉಳಿಸುವ ಕೀಲಿ' ಎಂಬ ಇನ್ನೊಂದು ಹೆಸರೂ ಉಂಟು. ಕಳ್ಳಕಾಕರ ನೆನಪು ತರುವ ಹೆಸರು, ನೀರಿನ ನೆನಪು ತರುವ ಹೆಸರು ಎರಡೂ ಒಂದೇ ಕೀಲಿಗೆ ಇರುವುದು ಅರ್ಥಪೂರ್ಣವಾಗಿಯೇ ಇದೆ. ಆಷ್ಟನ್ ಕಾಲುವೆ ಏರುವವರ ಕೈಯಲ್ಲಿ ಈ ಕೀಲಿ ಇರಲೇಬೇಕು.

ಕಟ್ಟಿದ ದೋಣಿಯ ಹಗ್ಗ ಬಿಚ್ಚಿ ಓಡುವುದು ಇನ್ನೊಂದು ಹಳೆಯ ಕಿತಾಪತಿ. ಇದಕ್ಕೆ ಅಷ್ಟೇ ಹಳೆಯ ಪರಿಹಾರವೂ ಇದೆ. ಹಗ್ಗದ ತುದಿಯನ್ನು ದಂಡೆಯ ಬಳೆಗೆ ಗಂಟು ಹಾಕದೆ, ಬಳೆಯೊಳಗೆ ತೂರಿಸಿ ಹಿಂದಕ್ಕೆ ತಂದು ದೋಣಿಯ ಮೇಲೆಯೇ ಕಟ್ಟುವುದು. ಆಗ ಗಂಟು ಬಿಚ್ಚಬೇಕೆಂದವನು ದೋಣಿ ಹತ್ತಬೇಕಾಗುತ್ತದೆ. ಅಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಕಣ್ಣಿಗೆ ಕಾಣದ ಕೀಟಲೆಯೆಂದರೆ ಕಸ. ಪ್ಲಾಸ್ಟಿಕ್ ಚೀಲ, ಹಳೆಯ ಬಟ್ಟೆ, ತಂತಿ, ಹಾಸಿಗೆಯ ಸ್ಪ್ರಿಂಗು ಎಲ್ಲವೂ ನೀರಿನಡಿ ಇದ್ದು ದೋಣಿಯ ಪ್ರೊಪೆಲರಿಗೆ ಸುತ್ತಿಕೊಳ್ಳುತ್ತವೆ. ದೋಣಿಯ ಹಿಂಭಾಗದಲ್ಲಿ ಇದಕ್ಕೆಂದೇ ಒಂದು ಮುಚ್ಚಳವಿರುತ್ತದೆ. ಎಂಜಿನ್ ನಿಲ್ಲಿಸಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡು, ಮುಚ್ಚಳ ತೆಗೆದು, ತಣ್ಣನೆಯ ನೀರಿಗೆ ಭುಜದವರೆಗೆ ಕೈ ಇಳಿಸಿ ಚಾಕುವಿನಿಂದ ಕತ್ತರಿಸಬೇಕು. ಎಂಜಿನ್ ನಿಲ್ಲಿಸಿದರೆ ಸಾಲದು, ಕೀಲಿ ಕಿಸೆಯಲ್ಲಿರಬೇಕು. ಒಳಗಿದ್ದವರು ಮರೆತು ಚಾಲೂ ಮಾಡಿದರೆ ಕೈಯೇ ಹೋಗುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಳವನ್ನು ಬಿಗಿಯಾಗಿ ಹಾಕದಿದ್ದರೆ ನೀರು ನುಗ್ಗಿ ದೋಣಿ ಮುಳುಗುತ್ತದೆ.

ಜಗಳಕ್ಕಿಂತ ನಮಸ್ಕಾರ ಮೇಲು

ಸೇತುವೆಯ ಮೇಲೆ ಹುಡುಗರ ಗುಂಪು ನಿಂತಿದೆ. ಕೈಯಲ್ಲಿ ಏನೋ ಇದೆ. ದೋಣಿ ಅದರಡಿಯಲ್ಲೇ ಹೋಗಬೇಕು. ಆಗ ಏನು ಮಾಡಬೇಕು?

ಅನುಭವಿಗಳ ಮೊದಲ ಸಲಹೆ, ತಲೆಯೆತ್ತಿ ನೋಡಿ, ದೂರದಿಂದಲೇ ಒಂದು ನಮಸ್ಕಾರ ಹೇಳಿ ಎಂಬುದು. ಮುಖ ನೋಡಿ ಮಾತನಾಡಿಸಿದವರ ಮೇಲೆ ಕಲ್ಲೆಸೆಯುವುದು ಕಷ್ಟ. ಬಹಳಷ್ಟು ಹುಡುಗರಿಗೆ ಬೇಕಾದದ್ದು ಕುತೂಹಲಕ್ಕೆ ಒಂದು ಉತ್ತರ. ಈ ದೋಣಿ ಎಲ್ಲಿಂದ ಬಂತು, ಒಳಗೆ ಟಿ.ವಿ. ಇದೆಯೇ, ಇದರಲ್ಲೇ ಮಲಗುತ್ತೀರಾ ಎಂದು ಕೇಳುತ್ತಾರೆ. ಲಾಕಿನ ಬಳಿಯಾದರೆ ತೊಲೆ ತಳ್ಳಲು ಕರೆದರೆ ಸಂತೋಷದಿಂದ ಬೆನ್ನು ಕೊಡುವವರೂ ಇದ್ದಾರೆ. ಆದರೆ ಹಿಡಿಕೆಯನ್ನು ಮಾತ್ರ ಅವರ ಕೈಗೆ ಕೊಡಬಾರದು, ಬಾಗಿಲಿನ ಮೇಲೆ ಆಡಲು ಬಿಡಬಾರದು. ಕಾಲುವೆಯ ನೀರು ಹೆಚ್ಚಿನ ಕಡೆ ಎದೆಮಟ್ಟಕ್ಕೂ ಬರುವುದಿಲ್ಲ, ಲಾಕಿನ ತೊಟ್ಟಿ ಹಾಗಲ್ಲ. ಅಲ್ಲಿ ಬಿದ್ದವರಿಗೆ ಹಿಡಿದುಕೊಳ್ಳಲು ನಯವಾದ ಗೋಡೆ ಬಿಟ್ಟರೆ ಬೇರೇನೂ ಸುಲಭಕ್ಕೆ ಸಿಗುವುದಿಲ್ಲ.

ಮಾತಿಗೆ ಬಗ್ಗದವರೂ ಇರುತ್ತಾರೆ. ಆಗ ವಾದ ಬೇಡ, ಬೈಗುಳ ಬೇಡ. ದೋಣಿಯನ್ನು ಬಿಟ್ಟು ದಂಡೆಯ ಮೇಲೆ ಅವರ ಬೆನ್ನು ಹತ್ತುವುದಂತೂ ಬೇಡವೇ ಬೇಡ. ಒಳಗೆ ಹೋಗಬಲ್ಲವರು ಹೋಗಲಿ, ಮಕ್ಕಳು ಮೊದಲು. ಚುಕ್ಕಾಣಿ ಹಿಡಿದವನು ನಿಲ್ಲದೆ ಮುಂದೆ ಸಾಗಲಿ. ಸೂರಿನ ಮೇಲಿನ ಸೈಕಲ್ಲು, ಹಗ್ಗ, ಹೂಕುಂಡಗಳನ್ನು ನಗರ ಪ್ರವೇಶಿಸುವ ಮೊದಲೇ ಒಳಗಿಟ್ಟಿರಬೇಕು. ಪಕ್ಕದ ಬಾಗಿಲು ಮುಚ್ಚಿರಬೇಕು. ರಾತ್ರಿ ತಂಗುವುದಾದರೆ ಇತರ ದೋಣಿಗಳು ಇರುವಲ್ಲಿ ತಂಗಬೇಕು. ಹದಿನೆಂಟು ಲಾಕ್‌ಗಳ ನಡುವೆ ಒಂಟಿಯಾಗಿ ಕಟ್ಟಿಹಾಕಬಾರದು.

ಪೊಲೀಸರನ್ನು ಕರೆಯಬೇಕಾಗಿ ಬಂದರೆ ಎದುರಾಗುವ ಮೊದಲ ತೊಡಕು ವಿಳಾಸದ್ದು. ನೀರಿನ ಮೇಲಿರುವವನಿಗೆ ರಸ್ತೆಯ ಹೆಸರು ಗೊತ್ತಿರುವುದಿಲ್ಲ. ಕಾಲುವೆಯ ಸೇತುವೆಗಳಿಗೆ ಹಿಂದಿನಿಂದಲೂ ಸಂಖ್ಯೆ ಕೊಟ್ಟಿದ್ದಾರೆ. ಹಾದುಹೋದ ಕೊನೆಯ ಸೇತುವೆಯ ಸಂಖ್ಯೆಯನ್ನು ನೆನಪಿಟ್ಟುಕೊಂಡವನಿಗೆ ಸಹಾಯ ಬೇಗ ಸಿಗುತ್ತದೆ. ಜೀವಾಪಾಯವಿದ್ದರೆ 999, ಇಲ್ಲದಿದ್ದರೆ 101 ಎಂಬುದು ಇಂಗ್ಲೆಂಡಿನ ಪೊಲೀಸ್ ದೂರವಾಣಿ. ಗಾಜು ಒಡೆದಿಲ್ಲ, ಗಾಯವಾಗಿಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಹೇಳದ ದೂರು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಕಡೆಗೆ ಪೊಲೀಸರು ಗಸ್ತು ಬರುವುದೂ ಕಡಿಮೆ.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಕಲ್ಲಿನಿಂದ ಬರುವ ಅಪಾಯಕ್ಕಿಂತ ಗಮನ ತಪ್ಪಿದ್ದರಿಂದ ಬರುವ ಅಪಾಯ ದೊಡ್ಡದು. ಲಾಕಿನೊಳಗೆ ದೋಣಿ ಇಳಿಯುತ್ತಿರುವಾಗ ಮೇಲೆ ನಿಂತ ಹುಡುಗರೊಡನೆ ಜಗಳಕ್ಕಿಳಿದವನು ಹಿಂದಿನ ಹೊಸ್ತಿಲನ್ನು ಮರೆಯುತ್ತಾನೆ. ಆದ್ದರಿಂದ ಅವಮಾನವನ್ನು ನುಂಗಿಕೊಂಡು ಬಿಳಿ ಗೆರೆಯ ಮೇಲೆ ಕಣ್ಣಿಡುವವನೇ ಜಾಣ ದೋಣಿಕಾರ.

ಪುಂಡ ಯಾರು?

ಕಾಲುವೆಯ ಚರಿತ್ರೆ ಓದುತ್ತ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜನ ಹೆದರುತ್ತಿದ್ದುದು ದಂಡೆಯ ಹುಡುಗರಿಗಲ್ಲ, ದೋಣಿಯವರಿಗೇ.

1839ರ ಜೂನ್‌ನಲ್ಲಿ ಕ್ರಿಸ್ಟಿನಾ ಕಾಲಿನ್ಸ್ ಎಂಬ ಮಹಿಳೆ ಲಂಡನ್ನಿನಲ್ಲಿದ್ದ ಗಂಡನನ್ನು ಸೇರಲು ಲಿವರ್‌ಪೂಲಿನಿಂದ ಸರಕು ದೋಣಿಯಲ್ಲಿ ಹೊರಟಳು. ದೋಣಿಯವರ ಕುಡಿತ, ಅವರ ಹೊಲಸು ಮಾತಿನ ಬಗ್ಗೆ ದಾರಿಯಲ್ಲಿ ಸಿಕ್ಕವರೊಡನೆ ದೂರಿಕೊಂಡಿದ್ದಳು. ಸ್ಟ್ಯಾಫರ್ಡ್‌ಷೈರಿನ ರೂಜ್ಲಿ ಎಂಬ ಊರಿನ ಬಳಿ ಕಾಲುವೆಯಲ್ಲಿ ಆಕೆಯ ಶವ ಸಿಕ್ಕಿತು. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಕರಣವಿದು. ದೋಣಿಯ ಇಬ್ಬರನ್ನು 1840ರಲ್ಲಿ ಗಲ್ಲಿಗೇರಿಸಲಾಯಿತು, ಮೂರನೆಯವನಿಗೆ ಗಡೀಪಾರಾಯಿತು. ಆಕೆಯ ಸಮಾಧಿ ಇಂದೂ ರೂಜ್ಲಿಯ ಚರ್ಚಿನ ಆವರಣದಲ್ಲಿದೆ. ಕಾಲುವೆಗಳಲ್ಲಿ ಶಾಂತಿ ಕಾಪಾಡಲೆಂದೇ ಬ್ರಿಟಿಷ್ ಪಾರ್ಲಿಮೆಂಟು ಪ್ರತ್ಯೇಕ ಕಾನೂನು ಮಾಡಿದ್ದೂ 1840ರಲ್ಲೇ. ಕಾಲುವೆ ಕಂಪೆನಿಗಳಿಗೆ ಕಾನ್ಸ್‌ಟೇಬಲ್‌ಗಳು ಬಂದರು.

ಒಬ್ಬಿಬ್ಬರ ಪಾಪ ಇಡೀ ಸಮುದಾಯದ ತಲೆಗೆ ಬಂತು. ಇತ್ತ ರೈಲಿನ ಪೈಪೋಟಿಯಿಂದ ಬಾಡಿಗೆ ಇಳಿಯಿತು. ಊರಿನ ಮನೆಗೆ ಬಾಡಿಗೆ ಕೊಡಲಾರದೆ ದೋಣಿಕಾರರು ಹೆಂಡತಿ ಮಕ್ಕಳನ್ನೂ ದೋಣಿಗೇ ತಂದರು. ಹತ್ತು ಅಡಿ ಉದ್ದ, ಏಳು ಅಡಿಗೂ ಕಡಿಮೆ ಅಗಲದ ಕೋಣೆಯಲ್ಲಿ ಇಡೀ ಸಂಸಾರ. ಇಂದು ಊರು, ನಾಳೆ ಇನ್ನೊಂದು ಊರು ಎಂಬಂತೆ ಅಲೆಯುವ ಮಕ್ಕಳಿಗೆ ಶಾಲೆಯಿಲ್ಲ. ದಂಡೆಯ ಜನ ಅವರನ್ನು ಒರಟರು, ಕಳ್ಳರು ಎಂದು ದೂರ ಇಟ್ಟರು. ಜಾರ್ಜ್ ಸ್ಮಿತ್ ಎಂಬ ಸುಧಾರಕ ಪಟ್ಟು ಹಿಡಿದು ಹೋರಾಡಿದ್ದರ ಫಲವಾಗಿ 1877ರಲ್ಲಿ ಕಾಲುವೆ ದೋಣಿಗಳ ಕಾಯಿದೆ ಬಂತು. ದೋಣಿಯಲ್ಲಿ ಎಷ್ಟು ಜನ ಇರಬಹುದು, ಮಕ್ಕಳು ಯಾವ ಊರಿನ ಶಾಲೆಗೆ ಸೇರಬೇಕು ಎಂಬುದಕ್ಕೆ ಅದು ನಿಯಮ ಮಾಡಿತು.

ಇಂದೂ ದೂರು ಒಂದೇ ಕಡೆಯಿಂದ ಬರುವುದಿಲ್ಲ. ಮನೆ ಬಾಡಿಗೆ ದುಬಾರಿಯಾದ ಲಂಡನ್ನಿನಂಥ ಊರುಗಳಲ್ಲಿ ಸಾವಿರಾರು ಜನ ದೋಣಿಯಲ್ಲೇ ವಾಸವಾಗಿದ್ದಾರೆ. ಅವರ ಸೌದೆ ಒಲೆಯ ಹೊಗೆ, ಎಂಜಿನ್ನಿನ ಸದ್ದು ದಂಡೆಯ ಮೇಲಿನ ಮನೆಗಳವರಿಗೆ ತಲೆನೋವು. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ನಿಂತ ದೋಣಿಯ ಎಂಜಿನ್ ಓಡಿಸಬಾರದು ಎಂಬ ನಿಯಮವಿದೆ, ಮುರಿಯುವವರೂ ಇದ್ದಾರೆ. ಸ್ವಂತ ತಂಗುದಾಣವಿಲ್ಲದ ದೋಣಿ ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದು, ಪ್ರಯಾಣ ಮಾಡುತ್ತಲೇ ಇರಬೇಕು ಎಂದು 1995ರ ಕಾಯಿದೆ ಹೇಳುತ್ತದೆ. ಆ ಸುತ್ತಲೂ ತಕರಾರು ನಿಂತಿಲ್ಲ. ಕಟ್ಟಿದ ದೋಣಿಗಳ ಪಕ್ಕದಲ್ಲಿ ವೇಗ ತಗ್ಗಿಸದೆ ಹೋದರೆ ಎದ್ದ ಅಲೆಗೆ ದಂಡೆಯ ಗೂಟಗಳೇ ಕಿತ್ತುಬರುತ್ತವೆ. ಅವಸರದಲ್ಲಿ ತೂಬು ಇಳಿಸದೆ ಹೋದ ದೋಣಿಕಾರನಿಗೂ ರಾತ್ರಿ ತೂಬು ಎತ್ತಿದ ಹುಡುಗನಿಗೂ ನೀರಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಎರಡು ಸಲವೂ ಕಾಲುವೆ ಒಣಗುತ್ತದೆ.

ಬೆನ್ನು ತಿರುಗಿಸಿದ ಊರು

ಆಷ್ಟನ್ ಕಾಲುವೆಗೆ ಕೆಟ್ಟ ಹೆಸರು ಬಂದದ್ದು ಏಕೆ? ಸರಕು ಸಾಗಣೆ ನಿಂತ ಮೇಲೆ ಕಾಲುವೆಯ ಕಡೆಗೆ ನೋಡುವವರೇ ಇಲ್ಲವಾದರು. ಕಾರ್ಖಾನೆಗಳ ಹಿಂಗೋಡೆಗಳು, ಮುಚ್ಚಿದ ಕಿಟಕಿಗಳು. 1948ರಲ್ಲಿ ದೇಶದ ಹೆಚ್ಚಿನ ಕಾಲುವೆಗಳು ರಾಷ್ಟ್ರೀಕರಣವಾದರೂ, ಆಷ್ಟನ್‌ನಂಥವು ಸರ್ಕಾರಕ್ಕೆ ಹೊರೆಯೇ ಆಗಿದ್ದವು. 1960ರ ದಶಕದ ಆರಂಭದ ಹೊತ್ತಿಗೆ ಅಲ್ಲಿ ದೋಣಿ ಚಲಿಸುವಂತಿರಲಿಲ್ಲ. ಲಾಕಿನ ಬಾಗಿಲುಗಳು ಕೊಳೆತವು. ಹಾಸಿಗೆ, ಸೈಕಲ್ಲು, ಇಟ್ಟಿಗೆಯ ಚೂರು ಎಲ್ಲದಕ್ಕೂ ಕಾಲುವೆಯೇ ತಿಪ್ಪೆ. ದಂಡೆಯ ಪಕ್ಕದಲ್ಲೇ ಇದ್ದ ಬ್ರಾಡ್‌ಫರ್ಡ್ ಕಲ್ಲಿದ್ದಲು ಗಣಿ 1968ರಲ್ಲಿ ಮುಚ್ಚಿತು. ಕೆಲಸವೂ ಇಲ್ಲ, ನೋಡುವ ಕಣ್ಣೂ ಇಲ್ಲ ಎಂಬ ಜಾಗ ಪುಂಡಾಟಕ್ಕೆ ಒಳ್ಳೆಯ ಮೈದಾನವಾಗುವುದು ಎಲ್ಲ ದೇಶಗಳಲ್ಲೂ ಕಂಡದ್ದೇ.

ಕಾಲುವೆಗಳನ್ನು ಮುಚ್ಚಿಬಿಡಿ ಎಂಬ ಆ ಕಾಲದಲ್ಲಿ ಬೇಡ ಎಂದವರೂ ಇದ್ದರು. ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ 'ಕ್ರೆಸ್ಸಿ' ಎಂಬ ಹಳೆಯ ದೋಣಿಯಲ್ಲಿ 1939ರಲ್ಲಿ ಹೊರಟು ಅಳಿವಿನ ಅಂಚಿನಲ್ಲಿದ್ದ ಕಾಲುವೆಗಳನ್ನು ಸುತ್ತಿದ್ದ. ಆ ಅನುಭವದ ಪುಸ್ತಕ 'ನ್ಯಾರೋ ಬೋಟ್' 1944ರಲ್ಲಿ ಬಂತು. ಅದನ್ನು ಓದಿ ಪತ್ರ ಬರೆದ ರಾಬರ್ಟ್ ಏಕ್‌ಮನ್ ಜತೆ ಸೇರಿ 1946ರಲ್ಲಿ ಒಳನಾಡು ಜಲಮಾರ್ಗಗಳ ಸಂಘ ಹುಟ್ಟಿತು. ಕಾಲುವೆ ಉಳಿಸುವ ಚಳವಳಿ ಊರೂರಿಗೆ ಹಬ್ಬಿತು.

1968ರ ಸೆಪ್ಟೆಂಬರಿನ ಒಂದು ವಾರಾಂತ್ಯದಲ್ಲಿ ದೇಶದ ಮೂಲೆ ಮೂಲೆಗಳಿಂದ ಸುಮಾರು 600 ಸ್ವಯಂಸೇವಕರು ಆಷ್ಟನ್ ಕಾಲುವೆಗೆ ಬಂದಿಳಿದರು. ಮೊಣಕಾಲಿನವರೆಗೆ ಬೂಟು, ಕೈಯಲ್ಲಿ ಸಲಿಕೆ. 'ಆಪರೇಷನ್ ಆಷ್ಟನ್' ಎಂದು ಹೆಸರಾದ ಆ ಶ್ರಮದಾನದಲ್ಲಿ ಹೊರಬಿದ್ದ ಕಸ ಸುಮಾರು 2,000 ಟನ್. ಮುಚ್ಚಬೇಕೆಂದಿದ್ದವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ. 1972ರಲ್ಲಿ ಮತ್ತೆ ಸಾವಿರದಷ್ಟು ಜನ ಕೆಸರಿಗಿಳಿದರು. 1974ರಲ್ಲಿ ಕಾಲುವೆ ಮತ್ತೆ ತೆರೆಯಿತು. ಅದರಿಂದ ಚೆಷೈರ್ ರಿಂಗ್ ಎಂಬ, 97 ಮೈಲಿಗಳ, 92 ಲಾಕ್‌ಗಳ ಕಾಲುವೆ ವರ್ತುಲ ಕೂಡಿಕೊಂಡಿತು. ಒಂದು ಕೊಂಡಿ ತಪ್ಪಿದರೂ ಈ ಸುತ್ತು ಮುರಿಯುತ್ತದೆ. ಆಷ್ಟನ್‌ನಲ್ಲಿ ಒಂದು ರಾತ್ರಿ ತೂಬು ತೆರೆದುಕೊಂಡರೆ ಇಡೀ ಸುತ್ತಿಗೆ ತೊಂದರೆ ಎನ್ನುವುದು ಇದಕ್ಕೇ.

ಬದಲಾವಣೆ ನಿಧಾನವಾಗಿ ಬಂತು. 2002ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಹಳೆಯ ಗಣಿಯ ಜಾಗದಲ್ಲಿ ಕ್ರೀಡಾಂಗಣ ಎದ್ದಿತು. ಇಂದು ಅದು ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ತಂಡದ ಅಂಗಳ. ಆಂಕೋಟ್ಸ್‌ನ ಹತ್ತಿ ಗಿರಣಿಗಳು ವಾಸದ ಮನೆಗಳಾದವು. ಕಾಲುವೆಗೆ ಬೆನ್ನು ಹಾಕಿದ್ದ ಗೋಡೆಗಳಲ್ಲಿ ಕಿಟಕಿಗಳು ತೆರೆದವು. ಪಂದ್ಯಕ್ಕೆ ಹೋಗುವವರು, ಓಟಗಾರರು, ಮಗುವಿನ ಗಾಡಿ ತಳ್ಳುವ ತಾಯಂದಿರು ದಂಡೆಯ ಮೇಲೆ ಕಾಣತೊಡಗಿದರು. ಪುಂಡಾಟ ಪೂರ್ತಿ ಹೋಗಿಲ್ಲ, ಕೈಕೋಳದ ಕೀಲಿಯೂ ಹೋಗಿಲ್ಲ. ಆದರೆ ನೋಡುವ ಕಣ್ಣು ಬಂತು.

ನೀರುಗಂಟಿಗಳ ಕಾಲ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಾರ್ಥ ಸಂಸ್ಥೆ ನೋಡಿಕೊಳ್ಳುತ್ತಿದೆ. ಸುಮಾರು 35,000 ದೋಣಿಗಳು ಈ ನೀರಿನಲ್ಲಿವೆ. ಸರ್ಕಾರ ಕೊಡುವ ಅನುದಾನ 2027ರ ನಂತರ ವರ್ಷ ವರ್ಷಕ್ಕೆ ಇಳಿಯಲಿದೆ ಎಂದು 2023ರಲ್ಲಿ ಪ್ರಕಟವಾಯಿತು. ಇನ್ನೂರು ವರ್ಷ ಹಳೆಯ ಬಾಗಿಲು, ಗೋಡೆ, ಸೇತುವೆಗಳ ದುರಸ್ತಿಗೇ ಹಣ ಸಾಲದಿರುವಾಗ ಪ್ರತಿ ಲಾಕಿಗೂ ಕಾವಲುಗಾರನನ್ನು ಇಡುವುದು ಆಗದ ಮಾತು.

ಆ ಕೊರತೆಯನ್ನು ಅಷ್ಟಿಷ್ಟು ತುಂಬುತ್ತಿರುವವರು ಸ್ವಯಂಸೇವಕರು. ನಿವೃತ್ತ ಶಿಕ್ಷಕರು, ಗೃಹಿಣಿಯರು ಜೀವರಕ್ಷಕ ಜಾಕೆಟ್ ತೊಟ್ಟು ಲಾಕಿನ ಬಳಿ ನಿಲ್ಲುತ್ತಾರೆ, ಹೊಸಬರಿಗೆ ತೂಬು ಎತ್ತಲು ಕಲಿಸುತ್ತಾರೆ, ನೀರಿನ ಮಟ್ಟ ನೋಡುತ್ತಾರೆ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದಂತೆ. ನೀರುಗಂಟಿಯ ಕೈಯಲ್ಲಿ ಲಾಠಿ ಇರಲಿಲ್ಲ. ಆದರೆ ತೂಬಿನ ಬಳಿ ಅವನು ನಿಂತಿದ್ದಾನೆ ಎಂಬುದೇ ಊರಿಗೆ ಸಾಕಾಗುತ್ತಿತ್ತು.

ಕೀಲಿ, ಕ್ಯಾಮರಾ, ಪೊಲೀಸ್ ಯಾವುದೂ ಬೇಡವೆಂದಲ್ಲ. ಅವು ಬೇಕು. ಆದರೆ ಅವು ಕಾಯುವುದು ಒಂದೊಂದು ಲಾಕನ್ನು, ಒಂದೊಂದು ಹೊತ್ತು. ಸಾವಿರಾರು ಕಿಲೋಮೀಟರ್ ಕಾಲುವೆಯನ್ನು ಕಾಯುವುದು ಅದರ ಮೇಲೆ ಓಡಾಡುವವರ ಸಂಖ್ಯೆ. ಪುಂಡರಿಗೆ ಹೆದರಿ ದೋಣಿಗಳು ಆಷ್ಟನ್ ಕಡೆ ಬರುವುದನ್ನೇ ಬಿಟ್ಟರೆ ಆ ಕಾಲುವೆ ಮತ್ತೆ 1968ರ ಸ್ಥಿತಿಗೆ ಇಳಿಯಲು ಬಹಳ ವರ್ಷ ಬೇಕಾಗಲಾರದು.

ಅದಕ್ಕೇ ಡ್ಯೂಸಿ ಸ್ಟ್ರೀಟಿನಲ್ಲಿ ನಸುಕಿಗೆ ಹಗ್ಗ ಬಿಚ್ಚುವ ದೋಣಿಯವರು ತಮಗೆ ತಿಳಿಯದೆಯೇ ಒಂದು ಸೇವೆ ಮಾಡುತ್ತಿದ್ದಾರೆ. ಹುಡುಗರು ಏಳುವ ಮೊದಲು ಹದಿನೆಂಟನೆಯ ಲಾಕು ದಾಟಬೇಕೆಂಬುದು ಅವರ ಲೆಕ್ಕಾಚಾರ. ದಾಟುತ್ತ ದಾಟುತ್ತ ತೂಬು ಇಳಿಸಿ, ಬಾಗಿಲು ಮುಚ್ಚಿ, ಬೀಗ ಹಾಕಿ ಹೋಗುತ್ತಾರೆ. ಹಿಂದೆ ಬರುವ ದೋಣಿಗೆ ನೀರು ಉಳಿದಿರುತ್ತದೆ.